ವಯಸ್ಸು ಮೊದಲು ಬೆನ್ನಿಗೆ ಬರುತ್ತದಾ? ನನ್ನ ಅಳತೆ ಪುಸ್ತಕ ನೋಡಿ ಕೇಳುತ್ತಿದ್ದೇನೆ

ಹೊಲಿಗೆಯಕ್ಕ, ನಿಟ್ಟುವಳ್ಳಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆ ನಿಟ್ಟುವಳ್ಳಿಯಲ್ಲಿ 22 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ನನಗೀಗ 49. ಹೋದ ವಾರ ಅಂಗಡಿಗೆ ಬಣ್ಣ ಹೊಡೆಸುವಾಗ ಅಟ್ಟದಿಂದ ಹಳೆಯ ಅಳತೆ ಪುಸ್ತಕಗಳನ್ನು ಇಳಿಸಿದೆ. ಶುರು ಮಾಡಿದ ವರ್ಷದ್ದೂ ಇತ್ತು. ಧೂಳು ಒರೆಸಿ ಸುಮ್ನೆ ಹಾಳೆ ತಿರುಗಿಸುತ್ತಾ ಕೂತವಳು ರಾತ್ರಿ ಹತ್ತರವರೆಗೂ ಏಳಲಿಲ್ಲ.

ಒಬ್ಬ ಹೆಂಗಸಿಗೆ ಇಪ್ಪತ್ತು ವರ್ಷ ಬ್ಲೌಸ್ ಹೊಲಿದರೆ ಆಕೆಯ ವಯಸ್ಸು ಪುಸ್ತಕದಲ್ಲಿ ಬಂದುಬಿಡುತ್ತದೆ. ಎದೆ, ಸೊಂಟದ ಸುತ್ತಳತೆ ಜಾಸ್ತಿ ಆಗುವುದು ಎಲ್ಲರಿಗೂ ಗೊತ್ತು. ನನ್ನ ಕಣ್ಣಿಗೆ ಬಿದ್ದದ್ದು ಉದ್ದದ ಅಳತೆ. ಮೊದಲು ಹಿಂದೆ 14, ಮುಂದೆ 14 ಇದ್ದವರಿಗೆ ಈಗ ಹಿಂದೆ 15 ಇಡಬೇಕು, ಮುಂದೆ 13ಕ್ಕೆ ಇಳಿಸಬೇಕು. ಇಲ್ಲದಿದ್ದರೆ ಹಿಂದುಗಡೆ ಬ್ಲೌಸ್ ಮೇಲಕ್ಕೆ ಎಳೆದುಕೊಳ್ಳುತ್ತದೆ, ಮುಂದೆ ಬಟ್ಟೆ ಮಡಿಚಿ ನಿಲ್ಲುತ್ತದೆ. ಬೆನ್ನು ಬಾಗಿದೆ ಅಂತ ಅವರಿಗೇ ಗೊತ್ತಿರುವುದಿಲ್ಲ. "ಈ ಸಲ ಫಿಟ್ಟಿಂಗ್ ಕೂತಿಲ್ಲ ಅಕ್ಕಾ" ಅಂತ ವಾಪಸ್ ತರುತ್ತಾರೆ. ನಾನೂ ಬಾಯಿಬಿಟ್ಟು ಹೇಳುವುದಿಲ್ಲ. ಹೊಲಿಗೆ ಬಿಚ್ಚಿ ಸರಿಮಾಡಿ ಕೊಡುತ್ತೇನೆ.

ಇದರಲ್ಲಿ ಇಬ್ಬರ ಹಾಳೆ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಒಬ್ಬರು 60ರ ಹತ್ತಿರದವರು. ತಿಂಗಳಿಗೊಮ್ಮೆ ಪಾರ್ಲರ್‌ಗೆ ಹೋಗುತ್ತಾರೆ, ಕೂದಲಿಗೆ ಬಣ್ಣ, ಮುಖದಲ್ಲಿ ಒಂದು ಗೆರೆ ಇಲ್ಲ. ಅವರ ಬೆನ್ನಿನ ಅಳತೆ ಹತ್ತು ವರ್ಷದಲ್ಲಿ ಒಂದೂವರೆ ಇಂಚು ಹೆಚ್ಚಾಗಿದೆ. ಇನ್ನೊಬ್ಬರು ನನ್ನ ಅಮ್ಮ. ಮಾಯಕೊಂಡದ ಕಡೆಯವರು, 74 ವರ್ಷ. ಮುಖವೆಲ್ಲ ಸುಕ್ಕು, ಕೂದಲು ಪೂರ್ತಿ ಬೆಳ್ಳಗೆ. ಮೊದಲ ಪುಸ್ತಕದಲ್ಲಿ ಹಿಂದೆ 13½ ಇತ್ತು. ಮೊನ್ನೆ ಟೇಪ್ ಹಿಡಿದು ನೋಡಿದೆ. 13½.

ಅಮ್ಮ ಈಗಲೂ ನೆಲದ ಮೇಲೆ ಕೂತೇ ಜೋಳದ ರೊಟ್ಟಿ ತಟ್ಟುತ್ತಾರೆ. ಕೈ ಊರದೆ ಏಳುತ್ತಾರೆ. ನಾನು? ಹನ್ನೆರಡು ವರ್ಷದ ಹಿಂದೆ ಮಷಿನ್‌ಗೆ ಮೋಟಾರ್ ಹಾಕಿಸಿದೆ. ಅಲ್ಲಿಂದ ಕಾಲು ತುಳಿಯುವುದೂ ನಿಂತಿತು. ದಿನಕ್ಕೆ ಹತ್ತು ಗಂಟೆ ಬಗ್ಗಿ ಕೂತಿರುತ್ತೇನೆ. ನನ್ನ ಬೆನ್ನಿಗೂ ಮಗಳ ಕೈಯಲ್ಲಿ ಟೇಪ್ ಹಿಡಿಸಿದೆ. ಮುಕ್ಕಾಲು ಇಂಚು ಜಾಸ್ತಿ. ನೆಲದಿಂದ ಏಳಲು ಎರಡೂ ಕೈ ಬೇಕು.

ಮುಖಕ್ಕೆ ಹಚ್ಚುವುದರ ಬಗ್ಗೆ ನಾವು ಎಷ್ಟೊಂದು ಮಾತಾಡುತ್ತೇವೆ, ಬೆನ್ನಿನ ಬಗ್ಗೆ ಯಾಕೆ ಮಾತಾಡುವುದಿಲ್ಲ? ಇದನ್ನು ತಡೆಯಬಹುದಾ? ಬಲ್ಲವರು ಹೇಳಿ. ಮನೆಯಲ್ಲಿ, ಕೆಲಸದ ಮಧ್ಯೆ ಮಾಡುವಂಥದ್ದು ಇದ್ದರೆ ಬೇಕು.

ಪಿ.ಜೆ. ಬಡಾವಣೆ ಹುಡುಗಿ

ಅಕ್ಕಾ, ಓದುತ್ತಾ ಓದುತ್ತಾ ನೆಟ್ಟಗೆ ಕೂತೆ. ದಿನವೆಲ್ಲ ಲ್ಯಾಪ್‌ಟಾಪ್ ಮುಂದೆ ಇರುತ್ತೇನೆ. ನನಗೆ 27. ಈ ಚರ್ಚೆ ಮುಂದುವರಿಯಲಿ.

ಸ್ಟಾಫ್ ನರ್ಸ್, ದಾವಣಗೆರೆ

ನಿಮ್ಮ ಟೇಪ್ ಸರಿಯಾಗಿಯೇ ಹೇಳಿದೆ ಅಕ್ಕಾ. ನಾನು 19 ವರ್ಷದಿಂದ ನರ್ಸ್. ಮೊದಲು ಮೂಳೆ ವಿಭಾಗದಲ್ಲಿದ್ದೆ, ಈಗ ಚರ್ಮದ ವಿಭಾಗದಲ್ಲಿದ್ದೇನೆ.

ಬೆನ್ನು ಬಾಗುವುದಕ್ಕೆ ಕೂರುವ ಅಭ್ಯಾಸವೂ ಒಂದು ಕಾರಣ. ಆದರೆ ಅದರ ಕೆಳಗೆ ಇನ್ನೆರಡು ಇವೆ. ಮೊದಲನೆಯದು ಮಾಂಸಖಂಡ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ನೂರಕ್ಕೆ 3ರಿಂದ 8ರಷ್ಟು ಮಾಂಸಖಂಡ ಕರಗುತ್ತದೆ. ಅರವತ್ತರ ನಂತರ ಇನ್ನೂ ಬೇಗ. ಬೆನ್ನನ್ನು ಎತ್ತಿ ಹಿಡಿಯುವ ಹಗ್ಗವೇ ಸಡಿಲವಾದಂತೆ ಇದು. ಎರಡನೆಯದು ಮೂಳೆ. ಮುಟ್ಟು ನಿಂತ ಮೇಲೆ ಮೊದಲ ಕೆಲವು ವರ್ಷ ಹೆಂಗಸರ ಮೂಳೆ ಜೋರಾಗಿ ಸವೆಯುತ್ತದೆ. ಬೆನ್ನುಮೂಳೆಯ ಮಣಿಗಳು ಮುಂಭಾಗದಲ್ಲಿ ಕುಸಿಯುತ್ತವೆ. ಎಷ್ಟೋ ಜನಕ್ಕೆ ನೋವೇ ಬರುವುದಿಲ್ಲ. ಸೀರೆ ಉದ್ದ ಅನ್ನಿಸುತ್ತದೆ, ಮೇಲಿನ ಗೂಡಿನ ಡಬ್ಬಿ ಕೈಗೆ ಸಿಗುವುದಿಲ್ಲ, ಅಷ್ಟೇ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಹಿಮ್ಮಡಿ, ಪೃಷ್ಠ, ಬೆನ್ನು ಗೋಡೆಗೆ ತಾಗಿಸಿ ನಿಲ್ಲಿ. ಗದ್ದ ಎತ್ತದೆ ತಲೆಯ ಹಿಂಭಾಗ ಗೋಡೆಗೆ ತಾಗುತ್ತದಾ ನೋಡಿ. ತಾಗದಿದ್ದರೆ, ಅಥವಾ ಹರೆಯದಲ್ಲಿದ್ದ ಎತ್ತರಕ್ಕಿಂತ ಒಂದೂವರೆ ಇಂಚಿಗೂ ಜಾಸ್ತಿ ಕಡಿಮೆಯಾಗಿದ್ದರೆ ಮೂಳೆ ಡಾಕ್ಟರ್‌ಗೆ ತೋರಿಸಿ. ನಿಮ್ಮ ಆ 60ರ ಗಿರಾಕಿಗೆ ದಯವಿಟ್ಟು ಹೇಳಿ ಅಕ್ಕಾ. ಹೊಲಿಗೆ ಬಿಚ್ಚಿ ಸರಿಮಾಡಿದರೆ ಸಾಲದು. ಅವರಿಗೆ ಈ ಮಾತು ಹೇಳಬಲ್ಲವರು ನೀವೊಬ್ಬರೇ ಇರಬಹುದು.

ತಡೆಯಬಹುದಾ ಅಂತ ಕೇಳಿದ್ದೀರಿ. ಕುಸಿದ ಮಣಿ ವಾಪಸ್ ಏಳುವುದಿಲ್ಲ. ಮುಂದಿನದನ್ನು ತಡೆಯಬಹುದು. ಸೋತ ಮಾಂಸಖಂಡವನ್ನು 70ರಲ್ಲೂ 80ರಲ್ಲೂ ಗಟ್ಟಿ ಮಾಡಬಹುದು. ಇದನ್ನು ನಾನೇ ನೋಡಿದ್ದೇನೆ.

ಊಟದ ವಿಷಯಕ್ಕೆ ಬಂದರೆ, ನಮ್ಮ ಕಡೆ ಜನ ಬೇಳೆ ಸಾರು ಉಂಡೆವು ಅನ್ನುತ್ತಾರೆ. ತಟ್ಟೆ ನೋಡಿದರೆ ತಿಳಿ ಜಾಸ್ತಿ, ಬೇಳೆ ಕಡಿಮೆ. 60 ಕೆಜಿ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. ವಯಸ್ಸಾದವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಒಂದು ಹಿಡಿ ಶೇಂಗಾದಲ್ಲಿ 7 ಗ್ರಾಂ ಸಿಗುತ್ತದೆ. ಚಳ್ಳಕೆರೆ ಶೇಂಗಾ ಪಕ್ಕದಲ್ಲೇ ಇಟ್ಟುಕೊಂಡು ನಾವು ಡಬ್ಬದ ಪುಡಿ ಹುಡುಕುತ್ತೇವೆ! ಹೆಸರುಕಾಳು, ಅಲಸಂದೆ, ಹುರುಳಿ, ಮೊಸರು, ತಿನ್ನುವವರಾದರೆ ಮೊಟ್ಟೆ. ಮೂಳೆಗೆ ಸುಣ್ಣದ ಅಂಶ (ಕ್ಯಾಲ್ಸಿಯಂ) ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು, ಮುಟ್ಟು ನಿಂತವರಿಗೆ 1200. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಒಂದು ಮುದ್ದೆ, ಎರಡು ಲೋಟ ಹಾಲು ಅಥವಾ ಮಜ್ಜಿಗೆ, ಎಳ್ಳು, ನುಗ್ಗೆ ಸೊಪ್ಪು ಇದ್ದರೆ ಹತ್ತಿರ ಹತ್ತಿರ ಬರುತ್ತದೆ.

ಇನ್ನೊಂದು ಮಾತು. ಮಾಂಸ, ಮೊಟ್ಟೆ ತಿನ್ನದವರು ವಿಟಮಿನ್ ಬಿ12 ರಕ್ತ ಪರೀಕ್ಷೆ ಒಮ್ಮೆ ಮಾಡಿಸಿ. ನಮ್ಮ ಊರಿನಲ್ಲಿ ಸಸ್ಯಾಹಾರಿಗಳು ಬಹಳ. ಕಾಲು ಜುಂ ಅನ್ನುವುದು, ಸುಸ್ತು, ಮರೆವು, ಇವನ್ನೆಲ್ಲ "ವಯಸ್ಸಾಯಿತು" ಅಂತ ಬಿಟ್ಟವರಲ್ಲಿ ಎಷ್ಟೋ ಜನಕ್ಕೆ ಬಿ12 ಕಡಿಮೆ ಇರುತ್ತದೆ. ಮಾತ್ರೆ ಅಥವಾ ಇಂಜೆಕ್ಷನ್‌ನಿಂದ ಸರಿಹೋಗುತ್ತದೆ. ಬಹಳ ತಡವಾದರೆ ನರಕ್ಕೆ ಆದ ಪೆಟ್ಟು ಉಳಿದುಬಿಡುತ್ತದೆ.

ಕೋಟೆ ಮೇಷ್ಟ್ರು, ಚಿತ್ರದುರ್ಗ

ನಾನು ನಿವೃತ್ತ ಶಾಲಾ ಮಾಸ್ತರ. 67 ವರ್ಷ. ತಾಯೀ, ನಿಮ್ಮ ಅಮ್ಮ ಕೈ ಊರದೆ ಏಳುತ್ತಾರೆ ಅಂದಿರಲ್ಲ, ಅದು ಸಣ್ಣ ವಿಷಯ ಅಲ್ಲ. ಅದಕ್ಕೆ ಬಲದ ಜೊತೆ ಸಮತೋಲನವೂ ಬೇಕು. ಬ್ರೆಜಿಲ್ ದೇಶದ ವೈದ್ಯರು 51ರಿಂದ 75 ವರ್ಷದ 1702 ಜನರನ್ನು ಒಂಟಿ ಕಾಲಿನ ಮೇಲೆ 10 ಸೆಕೆಂಡ್ ನಿಲ್ಲಿಸಿ ನೋಡಿದರು. ಐದರಲ್ಲಿ ಒಬ್ಬರಿಗೆ ಆಗಲಿಲ್ಲ. ಮುಂದಿನ ವರ್ಷಗಳಲ್ಲಿ ಸಾವು ಆ ಗುಂಪಿನಲ್ಲಿ ಜಾಸ್ತಿ ಇತ್ತು. ಈ ಅಧ್ಯಯನ 2022ರಲ್ಲಿ ಬಂತು. ಓದಿದ ದಿನವೇ ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲಲು ಶುರು ಮಾಡಿದೆ. ಪಕ್ಕದಲ್ಲಿ ಗೋಡೆ ಇರಲಿ.

ನನ್ನ ಕಥೆ ಹೇಳುತ್ತೇನೆ. 58ಕ್ಕೆ ಮಂಡಿ ನೋವು ಶುರುವಾಯಿತು. ಮೆಟ್ಟಿಲು ಬಿಟ್ಟುಬಿಟ್ಟೆ. ಎರಡು ವರ್ಷದಲ್ಲಿ ತೊಡೆ ಸಣ್ಣಗಾಗಿ ನೋವು ಇನ್ನೂ ಜಾಸ್ತಿ ಆಯಿತು. ಫಿಸಿಯೋಥೆರಪಿಯವರು ಹೇಳಿದ್ದು ಒಂದೇ, "ಮಂಡಿ ಕಾಯುವುದು ತೊಡೆ." ಮೊದಲು ಕುರ್ಚಿಯಿಂದ ಎದ್ದು ಕೂರುವುದು, ಹತ್ತು ಸಲ. ಆಮೇಲೆ ಮನೆ ಮೆಟ್ಟಿಲು. ಎಂಟು ತಿಂಗಳಾದ ಮೇಲೆ ಕೋಟೆ.

ನಮ್ಮ ದುರ್ಗದ ಕೋಟೆಯ ಮೆಟ್ಟಿಲು ಒಂದರಂತೆ ಒಂದಿಲ್ಲ. ಒಂದು ಮೊಣಕಾಲುದ್ದ, ಇನ್ನೊಂದು ಗೇಣುದ್ದ, ಮಧ್ಯೆ ಬರೀ ಇಳಿಜಾರು ಬಂಡೆ. ಪ್ರತಿ ಹೆಜ್ಜೆಗೂ ಕಣ್ಣು, ಪಾದ, ಸೊಂಟ ಮೂರೂ ಎಚ್ಚರವಾಗಿರಬೇಕು. ಸಮತಟ್ಟಾದ ಪಾರ್ಕಿನ ಹಾದಿಯಲ್ಲಿ ಇದು ಸಿಗುವುದಿಲ್ಲ. ಏಕನಾಥೇಶ್ವರಿ ಗುಡಿಯವರೆಗೆ ಹೋಗಿ, ಗೋಪಾಲಸ್ವಾಮಿ ಹೊಂಡದ ಹತ್ತಿರ ಸ್ವಲ್ಪ ಕೂತು, ನಿಧಾನ ಇಳಿಯುತ್ತೇನೆ. ಹತ್ತುವಾಗ ಎದೆಗೆ ಕೆಲಸ, ಇಳಿಯುವಾಗ ತೊಡೆಗೆ ಕೆಲಸ. ಇಳಿಯುವುದನ್ನು ಯಾರೂ ಅವಸರದಲ್ಲಿ ಮಾಡಬೇಡಿ. ಬಿದ್ದು ಸೊಂಟ ಮುರಿದುಕೊಂಡರೆ ಹತ್ತು ವರ್ಷ ಒಂದೇ ದಿನದಲ್ಲಿ ಹೋಗುತ್ತದೆ. ಬೇಸಿಗೆಯಲ್ಲಿ ಬಂಡೆ ಕಾಯುವ ಮುಂಚೆ ಕೆಳಗಿರಬೇಕು.

ವಾರಕ್ಕೆ ಮೂರು ದಿನ ಕೋಟೆ, ಉಳಿದ ದಿನ ಚಂದ್ರವಳ್ಳಿ ಕಡೆ ನಡಿಗೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆ, ಜೊತೆಗೆ ಎರಡು ದಿನ ಮಾಂಸಖಂಡಕ್ಕೆ ಭಾರ ಬೀಳುವ ಕೆಲಸ. ಆ ಎರಡನೇ ಮಾತನ್ನು ನಮ್ಮ ವಾಕಿಂಗ್ ಗೆಳೆಯರು ಕಿವಿಗೆ ಹಾಕಿಕೊಳ್ಳುವುದಿಲ್ಲ. ನಡೆದೆವು, ಮುಗಿಯಿತು ಅನ್ನುತ್ತಾರೆ. ನಡಿಗೆ ಒಂದೇ ಬೆನ್ನು, ತೋಳು, ತೊಡೆಯನ್ನು ಉಳಿಸುವುದಿಲ್ಲ.

ಬಸ್ ಸ್ಟೇರಿಂಗ್

ಬೆನ್ನಿನ ಮಾತು ಸರಿ ಅಕ್ಕಾ, ಆದರೆ ನನ್ನದು ಮುಖದ ಸಮಸ್ಯೆಯೇ. ದುರ್ಗ–ದಾವಣಗೆರೆ ಮಧ್ಯೆ ಬಸ್ ಓಡಿಸುತ್ತೇನೆ, 24 ವರ್ಷ ಆಯಿತು. ಮೊನ್ನೆ ಲೈಸೆನ್ಸ್ ನವೀಕರಣದ ಫೋಟೋದಲ್ಲಿ ನೋಡಿದರೆ ಬಲಗೆನ್ನೆ ಕಪ್ಪಗೆ, ಸುಕ್ಕು ಸುಕ್ಕು. ಎಡಗೆನ್ನೆ ಬೇರೆ ಯಾರದ್ದೋ ಇದ್ದಂತಿದೆ. ಬಲಗೈಯೂ ಹಾಗೇ. ಬೆಳಿಗ್ಗೆ ದುರ್ಗ ಬಿಟ್ಟು ಈ ಕಡೆ ಬರುವಾಗ ಬಿಸಿಲು ಬಲಗಡೆಗೆ. ಸಂಜೆ ವಾಪಸ್ ಹೋಗುವಾಗಲೂ ಬಲಗಡೆಗೇ. ಕಿಟಕಿ ಗಾಜು ಹಾಕಿಯೇ ಇರುತ್ತೇನೆ. ಆದರೂ ಹೀಗೆ ಯಾಕೆ?

ಸ್ಟಾಫ್ ನರ್ಸ್, ದಾವಣಗೆರೆ

ಅಣ್ಣಾ, ನಿಮ್ಮಂಥದ್ದೇ ಒಂದು ಮುಖ ವೈದ್ಯರ ಪಾಠದಲ್ಲಿ ಇದೆ. 2012ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 69 ವರ್ಷದ ಒಬ್ಬ ಟ್ರಕ್ ಚಾಲಕರ ಫೋಟೋ ಬಂತು. 28 ವರ್ಷ ಗಾಡಿ ಓಡಿಸಿದವರು. ಅಲ್ಲಿ ಚಾಲಕ ಎಡಗಡೆ ಕೂರುವುದರಿಂದ ಅವರ ಎಡಗೆನ್ನೆ ಜೋತುಬಿದ್ದು ಆಳವಾದ ಗೆರೆ ಮೂಡಿತ್ತು. ಬಲಗೆನ್ನೆ ಎಷ್ಟೋ ವಾಸಿ.

ಸೂರ್ಯನ ನೇರಳಾತೀತ ಕಿರಣದಲ್ಲಿ ಎರಡು ಬಗೆ ನಮ್ಮ ಚರ್ಮ ಮುಟ್ಟುತ್ತವೆ. ಬಿ ಬಗೆ ಚರ್ಮವನ್ನು ಸುಡುತ್ತದೆ. ಅದನ್ನು ಗಾಜು ತಡೆಯುತ್ತದೆ. ಎ ಬಗೆ ಸುಡುವುದಿಲ್ಲ, ಗೊತ್ತೂ ಆಗುವುದಿಲ್ಲ. ಮಾಮೂಲಿ ಕಿಟಕಿ ಗಾಜು ದಾಟಿ ಒಳಗೆ ಬಂದು, ಚರ್ಮದ ಆಳದಲ್ಲಿರುವ ಕೊಲಾಜೆನ್ ನಾರನ್ನು ಹಾಳು ಮಾಡುತ್ತದೆ. ಚರ್ಮ ಬಿಗಿಯಾಗಿ ನಿಲ್ಲುವುದು ಆ ನಾರಿನಿಂದಲೇ. ವಿಟಮಿನ್ ಡಿ ಆಗಲು ಬೇಕಾದದ್ದು ಬಿ ಬಗೆ. ಹಾಗಾಗಿ ಗಾಜಿನ ಹಿಂದೆ ಕೂತರೆ ಸುಕ್ಕು ಬರುತ್ತದೆ, ವಿಟಮಿನ್ ಬರುವುದಿಲ್ಲ.

ಬಲಗೈಗೆ ಉದ್ದ ತೋಳು ಅಥವಾ ತೋಳುಚೀಲ ಹಾಕಿ. ಮುಖ, ಕುತ್ತಿಗೆ, ಕಿವಿಗೆ ಎಸ್‌ಪಿಎಫ್ 30 ಅಥವಾ ಮೇಲಿನ ಸನ್‌ಸ್ಕ್ರೀನ್ ಹಚ್ಚಿ. ಡಬ್ಬಿಯ ಮೇಲೆ ಯುವಿಎ, ಅಂದರೆ ಆ ಎ ಬಗೆಯ ಕಿರಣ, ತಡೆಯುತ್ತದೆ ಅಂತ ಇರಬೇಕು. ತೋರುಬೆರಳು, ನಡುಬೆರಳ ಉದ್ದಕ್ಕೆ ಎರಡು ಗೆರೆ ಹಿಂಡಿದಷ್ಟು ಬೇಕು. ಬಟಾಣಿ ಕಾಳಿನಷ್ಟು ಹಚ್ಚಿದರೆ ದುಡ್ಡು ದಂಡ. ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಆಸ್ಟ್ರೇಲಿಯಾದಲ್ಲಿ 55ರ ಒಳಗಿನ 903 ಜನರನ್ನು ನಾಲ್ಕೂವರೆ ವರ್ಷ ನೋಡಿದರು. ದಿನಾ ಹಚ್ಚಿದವರ ಚರ್ಮ, ಮನಸ್ಸು ಬಂದಾಗ ಹಚ್ಚಿದವರಿಗಿಂತ ನೂರಕ್ಕೆ 24ರಷ್ಟು ಕಡಿಮೆ ಮುಪ್ಪಾಗಿತ್ತು. ಇಷ್ಟು ಗಟ್ಟಿ ಆಧಾರ ಇರುವ ಮುಖದ ಕ್ರೀಮ್ ಬೇರೆ ಬಹಳ ಇಲ್ಲ.

ಹೊಲದಲ್ಲಿ ಕೆಲಸ ಮಾಡುವ ನಮ್ಮ ಅಮ್ಮಂದಿರು ತಲೆ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದದ್ದು ಒಳ್ಳೆಯ ಅಭ್ಯಾಸವೇ. ಕೊಡೆ ಹಿಡಿಯಲು ಗಂಡಸರು ಯಾಕೆ ನಾಚುತ್ತಾರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮದುವೆ ಮನೆ 26

ಇಲ್ಲಿ ಬರೆಯಲೋ ಬೇಡವೋ ಅಂತ ಮೂರು ದಿನ ಯೋಚಿಸಿದೆ. ಮದುವೆಗೆ ಆರು ತಿಂಗಳು ಇರುವಾಗ ಒಂದು ಪಾರ್ಲರ್‌ನಲ್ಲಿ ಹೆಸರಿಲ್ಲದ ಪುಟ್ಟ ಡಬ್ಬಿಯಲ್ಲಿ ಒಂದು ಕ್ರೀಮ್ ಕೊಟ್ಟರು. ಹತ್ತು ದಿನದಲ್ಲಿ ಮುಖ ಬೆಳ್ಳಗೆ, ನುಣ್ಣಗೆ ಆಯಿತು. ಎಲ್ಲರೂ ಹೊಗಳಿದರು. ನಾಲ್ಕು ತಿಂಗಳು ಹಚ್ಚಿ ನಿಲ್ಲಿಸಿದೆ. ಒಂದೇ ವಾರದಲ್ಲಿ ಮುಖ ಕೆಂಡದಂತೆ ಉರಿಯತೊಡಗಿತು. ಕೆಂಪು ನರಗಳು ಕಾಣುತ್ತವೆ, ಮೊಡವೆ, ಗಲ್ಲದ ಮೇಲೆ ಸಣ್ಣ ಕೂದಲು. ಮತ್ತೆ ಹಚ್ಚಿದರೆ ಸರಿಹೋಗುತ್ತದೆ, ಬಿಟ್ಟರೆ ಉರಿ. ಏನು ಮಾಡಲಿ?

ಸ್ಟಾಫ್ ನರ್ಸ್, ದಾವಣಗೆರೆ

ತಂಗೀ, ಬರೆದು ಒಳ್ಳೆಯದು ಮಾಡಿದೆ. ತಪ್ಪು ನಿನ್ನದಲ್ಲ. ನೀನು ಹೇಳಿದ ಲಕ್ಷಣ ನೋಡಿದರೆ ಅದರಲ್ಲಿ ಸ್ಟಿರಾಯ್ಡ್ ಇದ್ದಿರಬಹುದು. ಹೀಗೆ ಬರುವ ಹುಡುಗಿಯರನ್ನು ನಾವು ವಾರ ವಾರ ನೋಡುತ್ತೇವೆ. ಸ್ಟಿರಾಯ್ಡ್ ಮೊದಲು ಹೊಳಪು ಕೊಡುತ್ತದೆ, ಆಮೇಲೆ ಚರ್ಮವನ್ನು ತೆಳ್ಳಗೆ ಮಾಡುತ್ತದೆ. ಇಪ್ಪತ್ತಾರರ ಹುಡುಗಿಗೆ ಮುದುಕಿಯ ಚರ್ಮ ತರುತ್ತದೆ.

ಚರ್ಮದ ಡಾಕ್ಟರ್ ಹತ್ತಿರ ಈ ವಾರವೇ ಹೋಗು. ಆ ಡಬ್ಬಿಯನ್ನೂ ತೆಗೆದುಕೊಂಡು ಹೋಗು. ಹೇಗೆ ನಿಲ್ಲಿಸಬೇಕು ಅಂತ ಅವರು ಹೇಳುತ್ತಾರೆ. ತಿಂಗಳುಗಟ್ಟಲೆ ತಾಳ್ಮೆ ಬೇಕು. ಬಹಳಷ್ಟು ಜನಕ್ಕೆ ವಾಸಿಯಾಗುತ್ತದೆ. ಅಲ್ಲಿಯವರೆಗೆ ನಿಂಬೆರಸ, ಅಡುಗೆ ಸೋಡಾ, ಅರಿಶಿನದ ಲೇಪ ಏನೂ ಬೇಡ.

ಎಲ್ಲರಿಗೂ ಕೈಮುಗಿದು ಹೇಳುತ್ತೇನೆ. ಒಳಗೆ ಏನಿದೆ ಅಂತ ಬರೆಯದ ಡಬ್ಬಿಯನ್ನು ಮುಖಕ್ಕೆ ಹಚ್ಚಬೇಡಿ.

ಹೊಲಿಗೆಯಕ್ಕ, ನಿಟ್ಟುವಳ್ಳಿ

ಮಗಳೇ, ಒಬ್ಬಳೇ ಹೋಗಲು ಸಂಕೋಚ ಅನ್ನಿಸಿದರೆ ನನಗೆ ಮೆಸೇಜ್ ಮಾಡು. ನಾನು ಬರುತ್ತೇನೆ.

ಚನ್ನಗಿರಿ ತೋಟ

ಒಂದು ಕಷ್ಟದ ಮಾತು ಹೇಳಬೇಕು. ನಮ್ಮದು ಅಡಿಕೆ ತೋಟ. ಮಕ್ಕಳ ಓದು, ಮನೆ, ಎಲ್ಲ ಅಡಿಕೆಯಿಂದಲೇ ಆದದ್ದು. ನಾನೂ ಹದಿನೆಂಟಕ್ಕೆ ಹಾಕಿಕೊಳ್ಳಲು ಶುರು ಮಾಡಿದವನು. ಮೊದಲು ಎಲೆ ಅಡಿಕೆ, ಆಮೇಲೆ ಹೊಗೆಸೊಪ್ಪು. 45ಕ್ಕೆ ಬಾಯಿ ಬಿಗಿಯತೊಡಗಿತು. ಮೂರು ಬೆರಳು ಉದ್ದಕ್ಕೆ ನಿಲ್ಲಿಸಿ ಬಾಯೊಳಗೆ ಇಡಲು ಆಗಬೇಕು ಅಂತ ಹಲ್ಲಿನ ಡಾಕ್ಟರ್ ತೋರಿಸಿದರು. ನನಗೆ ಎರಡೂ ಕಷ್ಟ. ಖಾರ ಮುಟ್ಟಿದರೆ ಉರಿ. ಕೆನ್ನೆ ಒಳಗೆ ಎಳೆದುಕೊಂಡು ಅರವತ್ತರವನಂತೆ ಕಾಣುತ್ತಿದ್ದೆ.

ಬರೀ ಹೊಗೆಸೊಪ್ಪಿನದೇ ತಪ್ಪು ಅಂತ ನಾವು ನಮಗೇ ಸಮಾಧಾನ ಹೇಳಿಕೊಳ್ಳುತ್ತೇವೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬೆಳೆಗಾರನಾಗಿ ಅದನ್ನು ಒಪ್ಪುವುದು ನನಗೆ ಸುಲಭ ಇರಲಿಲ್ಲ. ಬಾಯಿ ಬಿಗಿದ ಮೇಲೆ ವಾದ ಮಾಡಲು ಏನೂ ಉಳಿಯಲಿಲ್ಲ.

ಬಿಟ್ಟು ಆರು ವರ್ಷ. ಬಾಯಿ ಪೂರ್ತಿ ತೆರೆಯುವುದಿಲ್ಲ, ಆದರೆ ಬಿಗಿತ ಹೆಚ್ಚಾಗಿಲ್ಲ. ಆರು ತಿಂಗಳಿಗೊಮ್ಮೆ ತೋರಿಸುತ್ತೇನೆ. ಬಿಡುವಾಗ ಸಹಾಯವಾದದ್ದು ಜೇಬಿನಲ್ಲಿ ಸೋಂಪು, ಏಲಕ್ಕಿ ಇಟ್ಟುಕೊಂಡದ್ದು, ಊಟ ಆದ ತಕ್ಷಣ ಹಲ್ಲುಜ್ಜಿದ್ದು. ನಿಮ್ಮ ಮನೆಯ ಹಿರಿಯರ ಕೆನ್ನೆ ಒಳಗೆ ಎಳೆದುಕೊಂಡಿದ್ದರೆ ಒಮ್ಮೆ ಬಾಯೊಳಗೆ ನೋಡಿ. ಹಲ್ಲು ಹೋದರೆ ದವಡೆ ಸವೆದು ಮುಖವೇ ಕುಗ್ಗುತ್ತದೆ.

ಜಗಳೂರು ಬೋರ್

ಹಲ್ಲು, ಮೂಳೆಯ ಮಾತು ಬಂದದ್ದರಿಂದ ನಮ್ಮ ಸಂಕಟವೂ ಸೇರಲಿ. ನಮ್ಮ ತಾಲ್ಲೂಕಿನಲ್ಲಿ, ದುರ್ಗ ಜಿಲ್ಲೆಯ ಎಷ್ಟೋ ಊರುಗಳಲ್ಲಿ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರ್‌ಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ಇನ್ನೂ ಜಾಸ್ತಿ ಇದ್ದರೆ ದೊಡ್ಡವರ ಕುತ್ತಿಗೆ, ಬೆನ್ನು, ಮಂಡಿ ಮರದಂತೆ ಗಡುಸಾಗುತ್ತವೆ. ನಲವತ್ತಕ್ಕೇ ಬಗ್ಗಲಾಗದವರನ್ನು ನಾನು ನೋಡಿದ್ದೇನೆ. ಅವರ ಬೆನ್ನಿಗೆ ಆಸನ ಹೇಳಿಕೊಟ್ಟು ಏನು ಪ್ರಯೋಜನ? ಮೊದಲು ನೀರು ಬದಲಾಗಬೇಕು.

ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ. ನಾವು ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದ್ದು ತರುತ್ತೇವೆ. ಮಳೆಗಾಲದಲ್ಲಿ ತಾರಸಿಯ ಮಳೆನೀರು ಸೋಸಿ ಹಿಡಿಯುತ್ತೇವೆ. ಅದರಲ್ಲಿ ಫ್ಲೋರೈಡ್ ಭಯ ಇಲ್ಲ. ಹಾಲು, ರಾಗಿ, ನೆಲ್ಲಿಕಾಯಿ ಚೆನ್ನಾಗಿ ತಿನ್ನಿ ಅಂತ ನಮ್ಮ ಡಾಕ್ಟರ್ ಹೇಳಿದ್ದಾರೆ.

ಪಿ.ಜೆ. ಬಡಾವಣೆ ಹುಡುಗಿ

ಒಂದು ಪ್ರಶ್ನೆ. ಬೆಣ್ಣೆ ದೋಸೆ ಬಿಡಬೇಕಾ?

ಕೋಟೆ ಮೇಷ್ಟ್ರು, ಚಿತ್ರದುರ್ಗ

ಬೇಡಮ್ಮ. ಭಾನುವಾರ ತಿನ್ನು, ಕೂತು ನಿಧಾನ ತಿನ್ನು. ದಿನಾ ಸಂಜೆ ಮಿರ್ಚಿ ಮಂಡಕ್ಕಿ, ಅದರ ಮೇಲೆ ಎರಡು ಸಕ್ಕರೆ ಟೀ, ಅದನ್ನು ನೋಡಿಕೋ. ರಕ್ತದಲ್ಲಿ ಸಕ್ಕರೆ ಸದಾ ಜಾಸ್ತಿ ಇದ್ದರೆ ಅದು ಕೊಲಾಜೆನ್‌ಗೂ ಅಂಟಿ ಗಡುಸು ಮಾಡುತ್ತದೆ. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ, ಉಪ್ಪಿನಕಾಯಿ, ಹಪ್ಪಳ ಎಲ್ಲ ಸೇರಿ.

ಭಟ್ಟಿ ಮನೆ ಮಗಳು

ಎಲ್ಲವನ್ನೂ ಓದಿದೆ. ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು. ನಮ್ಮ ಅಮ್ಮ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ನಸುಕಿನಲ್ಲಿ ಎದ್ದು ಹೋಗುತ್ತಾರೆ. ಕಾದ ಮರಳಿನಲ್ಲಿ ಅಕ್ಕಿ ಹುರಿಯುವ ಬಾಣಲೆ ಮುಂದೆ ಗಂಟೆಗಟ್ಟಲೆ ನಿಲ್ಲುತ್ತಾರೆ. ಬೆಂಕಿಯ ಝಳ, ಹೊಗೆ, ಬೂದಿ. ಅಮ್ಮನಿಗೆ 46. ಬಸ್ಸಿನಲ್ಲಿ ಜನ "ಅಜ್ಜೀ, ಕೂತುಕೊಳ್ಳಿ" ಅನ್ನುತ್ತಾರೆ. ಅಮ್ಮ ಕೂತುಕೊಳ್ಳುತ್ತಾರೆ. ನನಗೆ ಅಳು ಬರುತ್ತದೆ.

ಅವರ ತೋಳು, ತೊಡೆಗೆ ಕೆಲಸ ಕಡಿಮೆ ಇಲ್ಲ. ನಿಮ್ಮ ಲೆಕ್ಕದ 150 ನಿಮಿಷ ಅವರಿಗೆ ಒಂದೇ ಬೆಳಿಗ್ಗೆ ಆಗುತ್ತದೆ. ಆದರೂ ಅಮ್ಮ ಸೋತಿದ್ದಾರೆ. ವಾಕಿಂಗ್, ಸನ್‌ಸ್ಕ್ರೀನ್ ಅನ್ನುವುದೆಲ್ಲ ಬಿಡುವು ಇದ್ದವರಿಗೆ ಅಲ್ವಾ?

ಹೊಲಿಗೆಯಕ್ಕ, ನಿಟ್ಟುವಳ್ಳಿ

ಮಗಳೇ, ನಿನ್ನ ಮಾತು ಸರಿ. ನಾನು ನನ್ನ ಅಮ್ಮನ ಬೆನ್ನು ನೋಡಿ ದುಡಿದವರೆಲ್ಲ ಗಟ್ಟಿ ಅಂತ ಅಂದುಕೊಂಡಿದ್ದೆ. ಅಮ್ಮ ದುಡಿದಿದ್ದಾರೆ, ಆದರೆ ಸ್ವಂತ ಮನೆಯಲ್ಲಿ, ಸ್ವಂತ ಹೊಲದಲ್ಲಿ. ಸಾಕಾದಾಗ ಬೇವಿನ ಮರದ ಕೆಳಗೆ ಕೂರಬಹುದಿತ್ತು. ಹೈನು ಇತ್ತು. ರಾತ್ರಿ ಒಂಬತ್ತಕ್ಕೆ ಮಲಗುತ್ತಿದ್ದರು. ಹಳೇ ಪುಸ್ತಕ ಮತ್ತೆ ತೆರೆದು ನೋಡಿದೆ. ಬೇಗ ಬಾಗಿದವರಲ್ಲಿ ಕೂತು ಉಂಡವರೂ ಇದ್ದಾರೆ, ಬಿಡುವಿಲ್ಲದೆ ದುಡಿದವರೂ ಇದ್ದಾರೆ. ಇದನ್ನು ನಾನು ಮೊದಲೇ ಗಮನಿಸಬೇಕಿತ್ತು.

ಸ್ಟಾಫ್ ನರ್ಸ್, ದಾವಣಗೆರೆ

ದುಡಿಮೆಗೂ ವ್ಯಾಯಾಮಕ್ಕೂ ವ್ಯತ್ಯಾಸ ಇದೆ. ವ್ಯಾಯಾಮದ ಮೇಲೆ ವಿಶ್ರಾಂತಿ ಬರುತ್ತದೆ, ಊಟ ಬರುತ್ತದೆ. ಮಾಂಸಖಂಡ ಬೆಳೆಯುವುದು ಆ ವಿಶ್ರಾಂತಿಯಲ್ಲಿ. ಅದು ಸಿಗದಿದ್ದರೆ ದೇಹ ಬರೀ ಸವೆಯುತ್ತದೆ. ಹೊಗೆಯೂ ಝಳವೂ ಚರ್ಮವನ್ನು ಬೇಗ ಮುಪ್ಪು ಮಾಡುತ್ತವೆ, ಶ್ವಾಸಕೋಶವನ್ನೂ ಬಿಡುವುದಿಲ್ಲ. ಹೊಗೆ ಹೊರಗೆ ಹೋಗಲು ಎತ್ತರದ ಚಿಮಣಿ, ಕೆಲಸದ ಮಧ್ಯೆ ಬಿಡುವು, ಸರಿಯಾದ ಕೂಲಿ, ಇವು ಬಾರದೆ ಇದರಲ್ಲಿ ಬಹಳ ಭಾಗ ಸರಿಹೋಗುವುದಿಲ್ಲ. ಅದನ್ನು ಮುಚ್ಚಿಡುವುದಿಲ್ಲ.

ಆದರೂ ನಾಳೆಯಿಂದ ಆಗುವಂಥದ್ದು ಒಂದಿಷ್ಟು. ಹತ್ತಿ ಬಟ್ಟೆಯಿಂದ ಮುಖ, ತೋಳು ಮುಚ್ಚಲಿ. ಕೆಲಸಕ್ಕೆ ಹೋಗುವಾಗ ಬರೀ ಟೀ ಬೇಡ. ರಾಗಿ ಅಂಬಲಿಗೆ ಮಜ್ಜಿಗೆ, ಚಿಟಿಕೆ ಉಪ್ಪು ಹಾಕಿ ಒಂದು ಬಾಟಲಿ ಒಯ್ಯಲಿ. ಊಟದ ಜೊತೆಗೇ ಟೀ ಕುಡಿದರೆ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ, ಒಂದು ಗಂಟೆ ಬಿಟ್ಟು ಕುಡಿಯಲಿ. ನಸುಕಿನಲ್ಲಿ ಏಳುವವರು ರಾತ್ರಿ ಟಿವಿ ಮುಂದೆ ಹನ್ನೊಂದು ಮಾಡಬಾರದು. ಮಧ್ಯಾಹ್ನ ಒಂದು ನಿದ್ದೆ ಸಿಕ್ಕರೂ ಲಾಭ. ರಕ್ತದ ಹಿಮೋಗ್ಲೋಬಿನ್, ಬಿ12 ನೋಡಿಸಿ. ಕೆಮ್ಮು ಇದ್ದರೆ ತಡ ಮಾಡದೆ ತೋರಿಸಿ.

ಎಂ.ಸಿ.ಸಿ. ಬ್ಲಾಕ್ ಅಜ್ಜ

81 ವರ್ಷ ನನಗೆ. ಎಲ್ಲ ಸರಿ, ಆದರೆ ಮಾತಾಡುವವರು ಬೇಕು. ಹೆಂಡತಿ ಹೋದ ಮೇಲೆ ನಾನು ಒಂದು ವರ್ಷದಲ್ಲಿ ಹತ್ತು ವರ್ಷ ಮುದುಕನಾದೆ. ಕಿವಿ ಕೇಳದೆ ಮಾತೂ ಬಿಟ್ಟೆ. ಮಗ ಶ್ರವಣ ಯಂತ್ರ ಹಾಕಿಸಿದ. ಈಗ ಬೆಳಿಗ್ಗೆ ಪಾರ್ಕಿಗೆ ಹೋಗುವುದು ನಡೆಯಲು ಅಲ್ಲ, ಅಲ್ಲಿ ಐದು ಜನ ನನಗಾಗಿ ಕಾಯುತ್ತಾರೆ ಅಂತ.

ಹೊಲಿಗೆಯಕ್ಕ, ನಿಟ್ಟುವಳ್ಳಿ

ಮೂರು ತಿಂಗಳ ನಂತರ ಬರೆಯುತ್ತಿದ್ದೇನೆ. ಅಜ್ಜಾ, ನಿಮ್ಮ ಮಾತನ್ನು ಅಮ್ಮನಿಗೆ ಓದಿ ಹೇಳಿದೆ.

ನಾನು ಮಾಡಿದ್ದು ಇಷ್ಟು. ಮಷಿನ್ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿದೆ. ಸೂಜಿ ನನ್ನ ಕಣ್ಣಿಗೆ ಹತ್ತಿರ ಬಂತು, ಬಗ್ಗುವುದು ಕಡಿಮೆಯಾಯಿತು. ಎರಡು ಮಷಿನ್‌ಗಳಲ್ಲಿ ಒಂದರ ಮೋಟಾರ್ ತೆಗೆಸಿ ಮತ್ತೆ ಬೆಲ್ಟ್ ಹಾಕಿಸಿದೆ. ಸೀರೆ ಫಾಲ್, ಅಂಚು ಮಡಿಚುವುದೆಲ್ಲ ಕಾಲು ಮಷಿನ್‌ನಲ್ಲೇ. ಬಾಬಿನ್ ದಾರ ಮುಗಿದಾಗಲೆಲ್ಲ ಎದ್ದು ನಿಲ್ಲುತ್ತೇನೆ. ಗೋಡೆಗೆ ಬೆನ್ನು ಕೊಟ್ಟು ಎರಡೂ ತೋಳು ಮೇಲಕ್ಕೆ ಜಾರಿಸುತ್ತೇನೆ, ಹತ್ತು ಸಲ. ದಿನಕ್ಕೆ ಎಂಟೊಂಬತ್ತು ಬಾಬಿನ್ ಆಗುತ್ತದೆ. ಬೇರೆ ಯಾವ ಅಭ್ಯಾಸವೂ ನನ್ನಲ್ಲಿ ಇಷ್ಟು ದಿನ ನಿಂತಿರಲಿಲ್ಲ. ಇದು ನಿಂತದ್ದು ಬಾಬಿನ್ ನೆನಪಿಸುತ್ತದೆ ಅಂತ. ರಾತ್ರಿ ಊಟ ಎಂಟಕ್ಕೆ ತಂದೆ, ಅದೂ ನೆಲದ ಮೇಲೆ ಕೂತು. ಭಾನುವಾರ ಮಗಳ ಜೊತೆ ಕುಂದವಾಡ ಕೆರೆ ಏರಿ ಮೇಲೆ ನಡಿಗೆ.

ಬೆನ್ನಿನ ಅಳತೆ ಕಾಲು ಇಂಚು ಇಳಿದಿದೆ. ಅಷ್ಟೇ. ಅರ್ಧ ಇಂಚು ಇನ್ನೂ ಜಾಸ್ತಿಯೇ ಇದೆ. ನೆಲದಿಂದ ಏಳಲು ಈಗ ಒಂದು ಕೈ ಸಾಕು. ಮುಖ ಹಾಗೇ ಇದೆ. ಮಧ್ಯಾಹ್ನ ಬಟ್ಟೆ ತರಲು ಹೋಗುವಾಗ ಕೊಡೆ ಹಿಡಿಯುತ್ತೇನೆ.

ಆ 60ರ ಗಿರಾಕಿಗೆ ಹೇಳಿದೆ. ಮೊದಲು ಮುಖ ಸಣ್ಣದಾಯಿತು. ಎರಡು ವಾರದ ಮೇಲೆ ಬಂದರು. ಮೂಳೆ ಸಾಂದ್ರತೆ ಬಹಳ ಕಡಿಮೆ ಇದೆಯಂತೆ, ಒಂದು ಮಣಿ ಕುಸಿದಿದೆಯಂತೆ. ಚಿಕಿತ್ಸೆ ಶುರುವಾಗಿದೆ. ಈಗ ನಲವತ್ತು ದಾಟಿದ ಹಳೇ ಗಿರಾಕಿಗಳು ಬಂದರೆ ಹಿಂದಿನ ಅಳತೆ, ಇವತ್ತಿನ ಅಳತೆ ಎರಡನ್ನೂ ತೋರಿಸುತ್ತೇನೆ.

ಮದುವೆ ಮನೆ 26

ಅಕ್ಕ ನನ್ನ ಜೊತೆ ಆಸ್ಪತ್ರೆಗೆ ಬಂದಿದ್ದರು. ಉರಿ ಅರ್ಧ ಕಡಿಮೆಯಾಗಿದೆ. ಇನ್ನೂ ಸಮಯ ಬೇಕಂತೆ.

ಭಟ್ಟಿ ಮನೆ ಮಗಳು

ಅಮ್ಮನಿಗೆ ಹಿಮೋಗ್ಲೋಬಿನ್ 8.2 ಮಾತ್ರ ಇತ್ತು. ಮಾತ್ರೆ ಕೊಟ್ಟಿದ್ದಾರೆ. ಅಂಬಲಿ ಬಾಟಲಿ ದಿನಾ ಒಯ್ಯುತ್ತಾರೆ, ಜೊತೆಯವರೂ ತರಲು ಶುರು ಮಾಡಿದ್ದಾರಂತೆ. ಅಕ್ಕಾ, ಅಮ್ಮ ಇಷ್ಟು ವರ್ಷ ರೆಡಿಮೇಡ್ ಬ್ಲೌಸೇ ಹಾಕಿದ್ದು. ನಿಮ್ಮ ಹತ್ತಿರ ಒಂದು ಹೊಲಿಸೋಣ ಅಂತ. ಯಾವಾಗ ಕರೆದುಕೊಂಡು ಬರಲಿ?

ಹೊಲಿಗೆಯಕ್ಕ, ನಿಟ್ಟುವಳ್ಳಿ

ಮಂಗಳವಾರ ಸಂಜೆ ಬನ್ನಿ. ಅಂಗಡಿಯಲ್ಲಿ ಜನ ಕಡಿಮೆ ಇರುತ್ತಾರೆ, ನಿಧಾನ ಅಳತೆ ತೆಗೆಯಬಹುದು. ಹೊಸ ಪುಸ್ತಕ ತಂದಿದ್ದೇನೆ, ಮೊದಲ ಹಾಳೆ ಅಮ್ಮನದು.